ಕೇಳುವವರ ಮುಖ

ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿಗಿರುವ ನಟ ಏನು ಹೇಳುತ್ತಿದ್ದಾನೆ ಎಂಬುದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ತಮ್ಮ ಮಾತಿನ ಸರದಿ ಯಾವಾಗ ಬಂತು ಎಂದು ಅವರಿಗೆ ಗೊತ್ತಾಗುತ್ತಿದ್ದದ್ದೂ ಕಣ್ಣಿನಿಂದಲೇ. 1943ರ ‘ರಾಧಾರಮಣ’ದಿಂದ ಹಿಡಿದು ಐದು ದಶಕ ಕಾಲ, ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಈ ಮನುಷ್ಯ ಕುತಂತ್ರಿಯಾದರು, ಜಿಪುಣರಾದರು, ಹೆಣ್ಣು ಹೆತ್ತ ಬಡಪಾಯಿಯಾದರು, ಊರು ಹಾಳುಮಾಡುವ ಶಾನುಭೋಗರಾದರು. ಒಂದೂ ಮೂಕ ಪಾತ್ರವಲ್ಲ. ಎಲ್ಲವೂ ಮಾತಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ಮಾತಿಗೆ ಮಾತು ಕೊಡುವುದರ ಮೇಲೆ ನಿಂತ ಪಾತ್ರಗಳು.

ಈ ಸಂಗತಿ ಮನಸ್ಸಿನಲ್ಲಿಟ್ಟುಕೊಂಡು ಹಳೆಯ ಚಿತ್ರವೊಂದನ್ನು ಮತ್ತೆ ಹಾಕಿಕೊಂಡು ಕೂತು ನೋಡಿ. ದೃಶ್ಯದಲ್ಲಿ ನಾಲ್ಕು ಜನ ಇದ್ದರೂ ಕಣ್ಣು ಬಾಲಣ್ಣನನ್ನು ಬಿಟ್ಟು ಕದಲುವುದಿಲ್ಲ. ಕುತ್ತಿಗೆ ಒಂದಿಷ್ಟು ಮುಂದಕ್ಕೆ ಚಾಚಿರುತ್ತದೆ. ದೃಷ್ಟಿ ಎದುರಿನವನ ಬಾಯಿಗೇ ಕಚ್ಚಿಕೊಂಡಿರುತ್ತದೆ. ಆ ಮಾತು ಮುಗಿಯುತ್ತಿದ್ದಂತೆ ಇವರ ಮುಖದಲ್ಲಿ ಏನೋ ಒಂದು ಒಳಗಿಳಿದ ಹಾಗೆ ಕಾಣುತ್ತದೆ, ಅರೆಕ್ಷಣ ತಡೆದು ಉತ್ತರ ಹೊರಡುತ್ತದೆ. ಖಳನ ಪಾತ್ರವಾಗಿದ್ದರೆ ಆ ಅರೆಕ್ಷಣದಲ್ಲಿ ಲೆಕ್ಕಾಚಾರ ಕಾಣುತ್ತದೆ. ಹಾಸ್ಯದ ಪಾತ್ರವಾಗಿದ್ದರೆ ಅಲ್ಲೇ ನಗು ಹುಟ್ಟುತ್ತದೆ. ‘ಬಂಗಾರದ ಮನುಷ್ಯ’ದ ರಾಚೂಟಪ್ಪನಂಥ ಹಿರಿಯನಾಗಿದ್ದರೆ ಅನುಭವಸ್ಥನ ತೂಕ. ಕನ್ನಡ ತೆರೆಯ ಮೇಲೆ ಇನ್ನೊಬ್ಬರ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ ನಟ ಮತ್ತೊಬ್ಬನಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಕೇಳದ ಕಿವಿಯವರು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡರು.

ನನಗೆ ಸಿನಿಮಾದ ಹುಚ್ಚು ಹಿಡಿಸಿದ್ದು ನಾಯಕರಲ್ಲ, ನಾಯಕರು ಮಾತಾಡುವಾಗ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು. ಇದು ಚಿಕ್ಕಂದಿನಲ್ಲಿ ಗೊತ್ತಿರಲಿಲ್ಲ. ಆಗ ದೂರದರ್ಶನದಲ್ಲಿ ಭಾನುವಾರದ ಚಿತ್ರ ಬಂದರೆ ಕಣ್ಣೆಲ್ಲ ಅಣ್ಣಾವ್ರ ಮೇಲೆ. ಟೆಂಟ್ ಸಿನಿಮಾ ನೋಡಿ, ಅದಕ್ಕೂ ಮೊದಲು ಜಾತ್ರೆಯಲ್ಲಿ ಕ್ಯಾಂಪ್ ಹಾಕಿದ ಕಂಪನಿ ನಾಟಕಗಳನ್ನು ಬೆಳಗಿನ ಜಾವದ ತನಕ ನೋಡಿ ಬೆಳೆದಿದ್ದ ಸೋದರತ್ತೆ ಮಾತ್ರ ಅವಲಕ್ಕಿ ಆರಿಸುತ್ತಾ ಅನ್ನುತ್ತಿದ್ದರು: “ರಾಜ್‌ಕುಮಾರ್ ಹೆಂಗೂ ಗೆಲ್ತಾನೆ ಕಣೋ, ಬಿಡು. ಅವನು ಹೇಳಿದ್ದಕ್ಕೆ ಅಶ್ವತ್ಥ್ ಮುಖ ಏನಾಯ್ತು ನೋಡು.” ಅವರು ನೋಡಿದ್ದು ಹಾಗೆ. ಈಗ ನಾನು ನೋಡುವುದೂ ಹಾಗೆಯೇ.

ಈ ಕೇಳಿಸಿಕೊಳ್ಳುವ ಕಲೆ ಬಂದದ್ದು ಎಲ್ಲಿಂದ? ಸಿನಿಮಾದಿಂದಲ್ಲ, ಕಂಪನಿ ನಾಟಕದಿಂದ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಶುರುವಾದದ್ದು 1884ರಲ್ಲಿ. ಅದನ್ನು ದೊಡ್ಡದಾಗಿ ಬೆಳೆಸಿದ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ಆನೆ, ಕುದುರೆ ತಂದು ನಿಲ್ಲಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆನೆಗಿಂತ ಮುಖ್ಯವಾದ ಪಾಠವೊಂದು ಆ ರಂಗದ ಮೇಲೆ ದಿನಾ ನಡೆಯುತ್ತಿತ್ತು. ರಾಜ ಪಾರ್ಟಿನವನು ಹಾಡು ಎತ್ತಿದನೆಂದರೆ ಆಲಾಪನೆ ಐದು ನಿಮಿಷವೂ ಆಗಬಹುದು, ಹತ್ತೂ ಆಗಬಹುದು. ಅಷ್ಟೂ ಹೊತ್ತು ಎದುರಿಗೆ ನಿಂತ ಮಂತ್ರಿ, ರಾಣಿ, ಸೇವಕ ಪಾತ್ರದೊಳಗೇ ಇರಬೇಕು. ಕೈ ಕಟ್ಟಿ ಸುಮ್ಮನೆ ನಿಂತರೆ ಅಗ್ಗದ ಟಿಕೆಟ್ಟಿನ ಗಾಂಧಿ ಕ್ಲಾಸಿನಿಂದ ಶಿಳ್ಳೆ ಬೀಳುತ್ತದೆ. ಹಾಡು ಚೆನ್ನಾಗಿ ಬಂದರೆ ‘ಒನ್ಸ್ ಮೋರ್’. ಹಾಡುವವನಿಗೆ ಅದು ಸನ್ಮಾನ. ಎದುರಿಗಿದ್ದವನಿಗೆ ಪರೀಕ್ಷೆ: ಒಮ್ಮೆ ಕೇಳಿ ಕಣ್ಣೀರು ಹಾಕಿದ ಸುದ್ದಿಯನ್ನು ಅದೇ ಮೊದಲ ಸಲ ಕೇಳುತ್ತಿರುವಂತೆ ಮತ್ತೆ ಕೇಳಬೇಕು. ಮೈಕು ಇಲ್ಲದ ರಂಗದಲ್ಲಿ ಕೊನೆಯ ಸಾಲಿಗೂ ಮುಟ್ಟುವ ಗಂಟಲನ್ನು ಕಂಪನಿಗಳು ಕೊಟ್ಟವು ಎಂದು ಎಲ್ಲರೂ ಬರೆಯುತ್ತಾರೆ. ನಿಜವೇ. ಆದರೆ ಸಾವಿರ ರಾತ್ರಿ ಕೇಳಿದ ಮಾತನ್ನು ಹೊಸದಾಗಿ ಕೇಳುವ ಶಕ್ತಿಯನ್ನೂ ಅವೇ ಕೊಟ್ಟವು. ಕ್ಯಾಮೆರಾದ ಮುಂದೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಎರಡನೆಯದು.

1954ರ ‘ಬೇಡರ ಕಣ್ಣಪ್ಪ’ ಇದಕ್ಕೆ ನೇರ ಸಾಕ್ಷಿ. ಗುಬ್ಬಿ ಕಂಪನಿಯವರ ನಾಟಕದ ಕಥೆ, ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ, ಮದರಾಸಿನ ಎವಿಎಂ ಸ್ಟುಡಿಯೋ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಲ್ಲಿ ರಾಜ್‌ಕುಮಾರ್ ಆದರು. ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಅದೇ ಚಿತ್ರದಲ್ಲಿದ್ದಾರೆ. ಈಗ ನೋಡಿದರೆ ಕ್ಯಾಮೆರಾ ಬಹಳ ಕಡೆ ನಾಟಕದ ಮುಂದಿನ ಸಾಲಿನ ಪ್ರೇಕ್ಷಕನ ಹಾಗೆ ಕೂತುಬಿಟ್ಟಿದೆ ಅನ್ನಿಸುತ್ತದೆ. ಇಂದಿನವರಿಗೆ ಅದು ನಿಧಾನ. ಹಾಗೆ ಕೂತದ್ದರಿಂದಲೇ ಒಂದು ಲಾಭವೂ ಆಯಿತು. ಮೂರು ನಾಲ್ಕು ಜನ ಒಂದೇ ಚೌಕಟ್ಟಿನಲ್ಲಿ ಪೂರ್ತಿ ಕಾಣುತ್ತಾರೆ. ಫಿಲ್ಮು ದುಬಾರಿ, ಸ್ಟುಡಿಯೋ ಬಾಡಿಗೆ ದುಬಾರಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಕ್ಲೋಸಪ್ ತೆಗೆಯುವಷ್ಟು ಅನುಕೂಲವಿಲ್ಲ. ಮಾತಾಡದವರೂ ಅಭಿನಯಿಸುತ್ತಲೇ ಇರಬೇಕು. ಇಂದು ಒಬ್ಬರು ಮಾತಾಡಿದಾಗ ಅವರ ಮುಖ, ಇನ್ನೊಬ್ಬರು ಮಾತಾಡಿದಾಗ ಇವರ ಮುಖ ಎಂದು ಸಂಕಲನಕಾರರು ಹೊಲಿದು ಕೊಡುತ್ತಾರೆ. ಆಗ ಆ ಹೊಲಿಗೆಯ ಕೆಲಸವನ್ನೂ ನಟರೇ ಮಾಡಿದರು.

ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ತಯಾರಿಕೆ ತೀರಾ ಕ್ಷೀಣಿಸಿದಾಗ ಇವರಲ್ಲಿ ನಾಲ್ವರು ಕೈಕಟ್ಟಿ ಕೂರಲಿಲ್ಲ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದರು, ನಾಡೆಲ್ಲ ಸುತ್ತಿ ನಾಟಕವಾಡಿದರು, 1960ರಲ್ಲಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಸಿನಿಮಾ ಕೈಬಿಟ್ಟಾಗ ಮತ್ತೆ ರಂಗಕ್ಕೆ ಹೋಗಿ, ರಂಗದ ದುಡ್ಡಿನಲ್ಲಿ ಸಿನಿಮಾಕ್ಕೆ ಬಂದವರು. ಈ ನಾಲ್ವರು ಒಟ್ಟಿಗೆ ಇರುವ ಯಾವ ದೃಶ್ಯ ನೋಡಿದರೂ ಅಲ್ಲಿ ಒಬ್ಬರ ಮೇಲೊಬ್ಬರಿಗೆ ಇರುವ ಭರವಸೆ ಕಾಣುತ್ತದೆ. ಒಬ್ಬ ಮಾತು ಎಸೆದರೆ ಇನ್ನೊಬ್ಬ ಹಿಡಿದೇ ಹಿಡಿಯುತ್ತಾನೆ ಎಂಬ ಧೈರ್ಯ ಅದು.

ನರಸಿಂಹರಾಜು ಬಗ್ಗೆ ಒಂದು ಮಾತು ಹೇಳಲೇಬೇಕು. ತಿಪಟೂರಿನವರು, ಹಲ್ಲುಬ್ಬಿದ ಬಡಕಲು ಮೈಯವರು, 1979ರಲ್ಲಿ ಇನ್ನೂ ಅರವತ್ತು ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದು ಸುಮ್ಮನಾಗುತ್ತೇವೆ. ‘ಸತ್ಯ ಹರಿಶ್ಚಂದ್ರ’ (1965) ಮತ್ತೆ ನೋಡಿ. ಅಲ್ಲಿ ಅವರದು ನಕ್ಷತ್ರಿಕನ ಪಾತ್ರ. ವಿಶ್ವಾಮಿತ್ರನ ಸಾಲ ವಸೂಲಿಗೆಂದು ಬೆನ್ನು ಹತ್ತಿದವನು. ಉದಯಕುಮಾರ್ ಅವರ ವಿಶ್ವಾಮಿತ್ರ ಕೋಪದಿಂದ ಹೆದರಿಸಿದರೆ ಈ ನಕ್ಷತ್ರಿಕ ಪೀಡಿಸಿ ಪೀಡಿಸಿ ಅರಸನ ತಾಳ್ಮೆಯನ್ನು ಅಳೆಯುತ್ತಾನೆ. ನಗು ಬರುತ್ತದೆ, ನಗುತ್ತಲೇ ಹರಿಶ್ಚಂದ್ರನ ಮೇಲೆ ಕನಿಕರ ಹುಟ್ಟುತ್ತದೆ. ರಾಜ್‌ಕುಮಾರ್ ತಾವಾಗಿ ಕಷ್ಟ ತೋರಿಸಿಕೊಂಡದ್ದಕ್ಕಿಂತ ನರಸಿಂಹರಾಜು ಕಾಡಿ ತೋರಿಸಿದ್ದೇ ಹೆಚ್ಚು. ಸ್ಮಶಾನದಲ್ಲಿ ಸತ್ತ ಮಗನನ್ನು ಹೊತ್ತು ಬಂದ ಚಂದ್ರಮತಿಯನ್ನು ಸುಂಕ ಕೇಳುವ ದೃಶ್ಯದಲ್ಲಿ ಪಂಢರಿಬಾಯಿ ಇದ್ದಾರೆ. ಎದುರಿಗೆ ಯಾರೋ ಕಾವಲುಗಾರ ಎಂದುಕೊಂಡು ಬೇಡುವ ಹೆಂಗಸು, ತಾಳಿಯ ಮಾತು ಬಂದ ಕ್ಷಣದಲ್ಲಿ ಆ ಕಾವಲುಗಾರನೇ ಗಂಡನೆಂದು ಗುರುತಿಸುವ ಹೆಂಗಸು. ಎರಡರ ನಡುವೆ ಆ ಮುಖದಲ್ಲಾಗುವ ಬದಲಾವಣೆಗೆ ಮಾತೇ ಬೇಕಿಲ್ಲ.

ಪಂಢರಿಬಾಯಿ ಹೆಸರು ಬಂದಾಗ ಮನಸ್ಸು ಕಹಿಯಾಗುತ್ತದೆ. ಭಟ್ಕಳದ ಹುಡುಗಿ, ಹರಿಕಥೆ ಮಾಡುತ್ತಿದ್ದವರು, 1943ರ ‘ವಾಣಿ’ಯಲ್ಲಿ ಸಿನಿಮಾಕ್ಕೆ ಬಂದವರು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ ‘ಪರಾಶಕ್ತಿ’ಯಲ್ಲೂ ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರದಲ್ಲೂ ನಾಯಕಿ ಇವರೇ. ತಂಗಿ ಮೈನಾವತಿಯವರೊಂದಿಗೆ ನಟಿಸಿ, ನಿರ್ಮಾಣಕ್ಕೂ ಕೈಹಾಕಿದವರು. ಪಂಢರಿಬಾಯಿ, ರಾಜ್‌ಕುಮಾರ್ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. 1986ರ ‘ಅನುರಾಗ ಅರಳಿತು’ ಹೊತ್ತಿಗೆ ರಾಜ್‌ಕುಮಾರ್ ಇನ್ನೂ ನಾಯಕ, ಪಂಢರಿಬಾಯಿ ಪಾರ್ಶ್ವವಾಯು ಬಡಿದ ಅವರ ತಾಯಿ! ಅದೇ ಪಾತ್ರವನ್ನು ತಮಿಳಿನ ‘ಮನ್ನನ್’ನಲ್ಲಿ ರಜನಿಕಾಂತ್ ತಾಯಿಯಾಗಿ ಮತ್ತೆ ಮಾಡಿದರು. ಕೈಕಾಲು ಆಡದ ಪಾತ್ರ. ಉಳಿದದ್ದು ಕಣ್ಣು ಮಾತ್ರ. ನೋಡಿದವರಿಗೆ ಗೊತ್ತು, ಅಷ್ಟೇ ಸಾಕಾಗಿತ್ತು. ಆದರೂ ಚಿತ್ರರಂಗ ಈ ಹೆಣ್ಣುಮಕ್ಕಳಿಗೆ ಮಾಡಿದ್ದು ಅನ್ಯಾಯವೇ. ಗಂಡಿಗೆ ಮೂವತ್ತು ವರ್ಷದ ಯೌವನ, ಹೆಣ್ಣಿಗೆ ಹತ್ತು ವರ್ಷದ್ದು.

ಲೀಲಾವತಿಯವರಿಗೆ ಆದದ್ದೂ ಇದೇ, ಆದರೆ ಅವರ ಎರಡನೆಯ ಸರದಿಯಲ್ಲಿ ಕೆಲವು ದೊಡ್ಡ ಪಾತ್ರಗಳು ಸಿಕ್ಕವು. ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಗೆಜ್ಜೆಪೂಜೆ’ (1969) ಚಿತ್ರವನ್ನು ನಾವೆಲ್ಲ ಕಲ್ಪನಾ ಅವರದೆಂದು ನೆನೆಯುತ್ತೇವೆ. ಚಂದ್ರಾಳ ಪಾತ್ರ ಅಂಥದು. ಈಚೆಗೆ ಮತ್ತೆ ನೋಡುವಾಗ ನನಗೆ ಅದು ತಾಯಿ ಅಪರ್ಣಾಳ ಚಿತ್ರವಾಗಿಯೂ ಕಂಡಿತು. ಮಗಳಿಗೆ ಮದುವೆಯ ಬದುಕು ಸಿಗಲಿ ಎಂದು ಹಂಬಲಿಸುವ, ತನ್ನ ತಾಯಿಯ ಕಟ್ಟಿಗೆ ಸಿಕ್ಕಿಬಿದ್ದಿರುವ ನಡುತಲೆಮಾರಿನ ಹೆಂಗಸು. ಅತ್ತ ಹೇಳುವ ಹಾಗಿಲ್ಲ, ಇತ್ತ ಬಿಡುವ ಹಾಗಿಲ್ಲ. ಕಲ್ಪನಾ ಎದೆ ಬಿಚ್ಚಿ ಅಳುತ್ತಾರೆ. ಆ ಅಳುವನ್ನು ಕೇಳಬೇಕಾದ ಪಾಡು ಲೀಲಾವತಿಯದು. ಕಲ್ಪನಾ ಅಭಿನಯ ಕೆಲವು ಕಡೆ ಇಂದಿನ ಕಣ್ಣಿಗೆ ಹೆಚ್ಚಾಯಿತು ಅನ್ನಿಸಬಹುದು. ಲೀಲಾವತಿಯವರದು ಒಂದು ಕಡೆಯೂ ಹಾಗೆ ಅನ್ನಿಸುವುದಿಲ್ಲ. ಕಲ್ಪನಾ ಅವರನ್ನು ಇದರಿಂದ ಕೀಳು ಮಾಡುತ್ತಿಲ್ಲ. ‘ಶರಪಂಜರ’ದ ಕಾವೇರಿಯನ್ನು ಅವರಲ್ಲದೆ ಇನ್ನು ಯಾರು ಮಾಡಬಹುದಿತ್ತು? ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರು, ನೆರೆಯವರು ಮತ್ತೆ ಹುಚ್ಚಿ ಎಂಬಂತೆ ನೋಡುವಾಗ, ಅವರ ಪಿಸುಮಾತನ್ನೆಲ್ಲ ಕೇಳಿಸಿಕೊಂಡೂ ಕೇಳದವಳಂತೆ ಇರುವ ದೃಶ್ಯಗಳಲ್ಲಿ ಕಲ್ಪನಾ ಎಷ್ಟು ದೊಡ್ಡ ನಟಿ ಎಂಬುದು ಗೊತ್ತಾಗುತ್ತದೆ.

ಇನ್ನು ಅಶ್ವತ್ಥ್. ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ. ಮೈಸೂರಿನವರು. ಇವರು ಕಂಪನಿಯಲ್ಲಿ ಹುಟ್ಟಿ ಬೆಳೆದವರಲ್ಲ. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಹವ್ಯಾಸಿ ನಾಟಕ, ಆಕಾಶವಾಣಿ ನಾಟಕ ಮಾಡಿದವರು. 1955ರಲ್ಲಿ ‘ಸ್ತ್ರೀರತ್ನ’ದಿಂದ ಸಿನಿಮಾಕ್ಕೆ ಬಂದರು. ಅವರ ಮಾತಿನಲ್ಲಿ ಕಂಪನಿಯ ಎತ್ತರ ಇಲ್ಲದಿರುವುದಕ್ಕೆ, ಮೈಕಿನ ಹತ್ತಿರ ಬಾಯಿಟ್ಟು ಮಾತಾಡಿದವರ ಸಮಾಧಾನ ಇರುವುದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಒಂದೊಂದು ಪದವನ್ನೂ ಇಳಿಸಿ ಇಡುತ್ತಾರೆ.

‘ನಾಗರಹಾವು’ (1972) ಚಿತ್ರದಲ್ಲಿ ಚಾಮಯ್ಯ ಮೇಷ್ಟ್ರ ಪಾತ್ರ ಮಾಡಿದಾಗ ಅವರಿಗೆ ವಯಸ್ಸು ನಲವತ್ತೇಳು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಮಾಡಿದ ಈ ಚಿತ್ರ ವಿಷ್ಣುವರ್ಧನ್ ಎಂಬ ಹೊಸ ಹುಡುಗನನ್ನು ಒಂದೇ ದಿನದಲ್ಲಿ ನಾಯಕನನ್ನಾಗಿಸಿತು. ಜಲೀಲನಾಗಿ ಅಂಬರೀಷ್ ಕೂಡ ಇಲ್ಲೇ ಕಾಣಿಸಿಕೊಂಡರು. ವಿಷ್ಣುವರ್ಧನ್ ಮಾಡಿದ ರಾಮಾಚಾರಿಯ ಕೋಪ ಇಡೀ ನಾಡಿನ ಹುಡುಗರ ಕೋಪವಾಯಿತು. ಆ ಕೋಪ ಇಷ್ಟು ಕೆಲಸ ಮಾಡಿದ್ದು ಅದಕ್ಕೆ ಬಡಿದುಕೊಳ್ಳಲು ಅಶ್ವತ್ಥ್ ಎಂಬ ಗೋಡೆ ಇದ್ದದ್ದರಿಂದ. ಹುಡುಗ ಬುಸುಗುಡುತ್ತಾ ಬಂದು ನಿಲ್ಲುತ್ತಾನೆ. ಮೇಷ್ಟ್ರು ಕೂಡಲೇ ಉತ್ತರಿಸುವುದಿಲ್ಲ. ಮೊದಲು ಕೇಳುತ್ತಾರೆ. ಅವನ ಮಾತು ಮುಗಿಯುವ ತನಕ ಮುಖದ ಮೇಲೆ ಒಪ್ಪಿಗೆಯೂ ಇಲ್ಲ, ಸಿಟ್ಟೂ ಇಲ್ಲ. ಮಕ್ಕಳಿಲ್ಲದ ಮನುಷ್ಯನ ಕಕ್ಕುಲಾತಿ ಮಾತ್ರ. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳುವಾಗಲೂ ಅವರದು ಆಜ್ಞೆಯ ದನಿಯಲ್ಲ, ಬೇಡಿಕೆಯ ದನಿ. ಬೇಡಿದ್ದರಿಂದಲೇ ರಾಮಾಚಾರಿಗೆ ಇಲ್ಲ ಎನ್ನಲಾಗಲಿಲ್ಲ.

ಚಿಕ್ಕಂದಿನಲ್ಲಿ ಚಾಮಯ್ಯ ಮೇಷ್ಟ್ರು ನನಗೆ ದೇವರಂಥ ಗುರು. ಈಗ ಅದೇ ದೃಶ್ಯಗಳನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಗುರು ಅಷ್ಟು ಪ್ರೀತಿಯಿಂದ ಕೇಳಿಸಿಕೊಂಡರೂ ಕೊನೆಗೆ ಒಪ್ಪಿಸುವುದು ಊರಿನ ಕಟ್ಟಳೆಗೇ. ಒಂದು ಸಲ ಅಲಮೇಲು, ಇನ್ನೊಂದು ಸಲ ಮಾರ್ಗರೆಟ್. ಮೊದಲನೆಯವಳು ಗಂಡನಿಂದಲೇ ಮಾರಾಟವಾಗಿ ಹಾಳಾದದ್ದನ್ನು ರಾಮಾಚಾರಿ ಕಣ್ಣಾರೆ ಕಾಣುತ್ತಾನೆ. ಎರಡನೆಯ ಸಲ ಅವನು ಮೇಷ್ಟ್ರ ಮಾತು ಕೇಳದಿರುವುದು ಅದರಿಂದಲೇ. ಚಿತ್ರದುರ್ಗದ ಬಂಡೆಯ ಮೇಲೆ ಮೇಷ್ಟ್ರು ಬೀಳುವುದು, ಆಮೇಲೆ ಆ ಜೋಡಿ ಸಾಯುವುದು, ಎಲ್ಲವೂ ಒಂದು ಊರು ಎರಡು ಮಕ್ಕಳ ಮಾತನ್ನು ಕೇಳದೆ ಹೋದದ್ದರ ಫಲ. ಅಶ್ವತ್ಥ್ ಈ ಪಾತ್ರವನ್ನು ಖಳನನ್ನಾಗಿಯೂ ಮಾಡಲಿಲ್ಲ, ಸಂತನನ್ನಾಗಿಯೂ ಮಾಡಲಿಲ್ಲ. ಒಳ್ಳೆಯ ಮನುಷ್ಯನೊಬ್ಬ ಒಳ್ಳೆಯ ಮನಸ್ಸಿನಿಂದಲೇ ಎಷ್ಟು ಕೇಡು ಮಾಡಬಲ್ಲ ಎಂಬುದು ಅವರ ಅಭಿನಯದಲ್ಲಿ 1972ರಲ್ಲೇ ಇತ್ತು. 2018ರಲ್ಲಿ ಈ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಜನ ಶಿಳ್ಳೆ ಹೊಡೆದದ್ದು ರಾಮಾಚಾರಿಗೆ, ಕಣ್ಣೊರೆಸಿಕೊಂಡದ್ದು ಮೇಷ್ಟ್ರಿಗೆ.

ಹಳೆಯ ಚಿತ್ರಗಳ ಎಲ್ಲವನ್ನೂ ಹೀಗೆ ಅಪ್ಪಿಕೊಳ್ಳಲಾಗುವುದಿಲ್ಲ. ಸೊಕ್ಕಿನ ಹುಡುಗಿಯನ್ನು ‘ದಾರಿಗೆ ತರುವ’ ಕಥೆಗಳು, ಅತ್ತೆಯ ಪಾತ್ರವೆಂದರೆ ರಾಕ್ಷಸಿಯೇ ಆಗಿರಬೇಕೆಂಬ ಹಟ, ಹಾಸ್ಯದ ಹೆಸರಿನಲ್ಲಿ ದಪ್ಪಗಿದ್ದವರನ್ನೂ ಕುಂಟರನ್ನೂ ಆಡಿಕೊಳ್ಳುವುದು ಈಗ ಸಹಿಸಲಾಗದು. ಇವುಗಳನ್ನು ಕಾಲದ ತಪ್ಪು ಎಂದು ಮುಚ್ಚಿಡುವುದು ನನಗೆ ಒಪ್ಪಿಗೆಯಿಲ್ಲ; ಮಕ್ಕಳ ಜೊತೆ ಕೂತು ನೋಡುವಾಗ ಇದು ಸರಿಯಲ್ಲ ಎಂದು ಹೇಳಿಯೇ ಮುಂದಕ್ಕೆ ಹೋಗಬೇಕು.

ಖಳರ ವಿಷಯಕ್ಕೆ ಬಂದರೆ ವಜ್ರಮುನಿ. ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಮಾಡಿ, 1969ರ ‘ಮಲ್ಲಮ್ಮನ ಪವಾಡ’ದಿಂದ ತೆರೆಗೆ ಬಂದವರು. ಅವರ ಕಂಠದ ಗುಡುಗನ್ನು ಅನುಕರಿಸದ ಮಿಮಿಕ್ರಿ ಕಲಾವಿದ ಕನ್ನಡದಲ್ಲಿಲ್ಲ. ಅವರ ವಿಶೇಷ ಇರುವುದು ಇನ್ನೊಬ್ಬರ ಮಾತನ್ನು ಕೇಳಲು ಒಪ್ಪದಿರುವುದರಲ್ಲಿ. ಪಿ.ಬಿ. ಧುತ್ತರಗಿಯವರ ನಾಟಕದಿಂದ ಬಂದ ‘ಸಂಪತ್ತಿಗೆ ಸವಾಲ್’ (1974) ಚಿತ್ರದ ಸಾಹುಕಾರ್ ಸಿದ್ದಪ್ಪನನ್ನು ನೋಡಿ. ಎದುರಿನವನು ಮಾತು ಶುರುಮಾಡುವಾಗಲೇ ಸಿದ್ದಪ್ಪನ ಮುಖದಲ್ಲಿ ತೀರ್ಪು ಬರೆದಾಗಿರುತ್ತದೆ. ಹಳ್ಳಿಯಲ್ಲಿ ಸಾಲ ಕೇಳಲು ಸಾಹುಕಾರನ ಜಗಲಿಯ ಕೆಳಗೆ ನಿಂತವರಿಗೆ ಆ ಮುಖ ಗೊತ್ತು.

‘ಬಂಗಾರದ ಮನುಷ್ಯ’ದಲ್ಲಿ (1972) ಇದೇ ವಜ್ರಮುನಿ, ರಾಜೀವ ಹೊಟ್ಟೆಬಟ್ಟೆ ಕಟ್ಟಿ ಓದಿಸಿದ ಅಕ್ಕನ ಮಗ ಕೇಶವ. ಟಿ.ಕೆ. ರಾಮರಾವ್ ಅವರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ವರ್ಷಗಟ್ಟಲೆ ಓಡಿದ ಚಿತ್ರ. ಬಂಡೆ ಸೀಳಿ ಹೊಲ ಮಾಡುವ ರಾಜೀವ ಎಲ್ಲರ ನೆನಪಿನಲ್ಲಿದ್ದಾನೆ. ಕೊನೆಯ ಊಟದ ದೃಶ್ಯಕ್ಕೆ ಬನ್ನಿ. ತಾನು ಕಟ್ಟಿದ ಮನೆಯಲ್ಲಿ, ತಾನು ಬೆಳೆದ ಅನ್ನದ ಮುಂದೆ ಕೂತಿರುವ ರಾಜೀವನಿಗೆ ಕೇಶವ ಆಡಬಾರದ ಮಾತಾಡುತ್ತಾನೆ. ಇಲ್ಲಿ ಮಾತೆಲ್ಲ ವಜ್ರಮುನಿಯದು. ರಾಜ್‌ಕುಮಾರ್ ಕೇಳುತ್ತಾರೆ. ಅಷ್ಟು ಹೊತ್ತಿನ ಚಿತ್ರದಲ್ಲಿ ಹಾಡಿದ, ದುಡಿದ, ನ್ಯಾಯ ಹೇಳಿದ ನಾಯಕ ಈ ಒಂದು ಗಳಿಗೆಯಲ್ಲಿ ಏನನ್ನೂ ಹೇಳುವುದಿಲ್ಲ. ಊಟ ಬಿಟ್ಟು ಏಳುತ್ತಾನೆ. ಯಾರಿಗೂ ಹೇಳದೆ ಊರು ಬಿಡುತ್ತಾನೆ.

ಈ ದೃಶ್ಯವನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಅನ್ನಿಸಿದ್ದು, ನಾಯಕನಾಗಿಯೂ ರಾಜ್‌ಕುಮಾರ್ ಅತ್ಯಂತ ಎತ್ತರಕ್ಕೆ ಏರುವುದು ಪಕ್ಕದವರ ಕೆಲಸವನ್ನು ತಾವು ವಹಿಸಿಕೊಂಡಾಗ. ದೊರೈ–ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ (1971) ಇದಕ್ಕೆ ಇನ್ನೂ ದೊಡ್ಡ ಉದಾಹರಣೆ. ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮನ ಮನೆಗೆ ನೀಲಾ ಬರುತ್ತಾಳೆ. ಬಡಿಸಲು ಮನೆಯಲ್ಲಿ ಏನೂ ಇಲ್ಲ. ಕೊನೆಗೆ ಉಳಿದಿದ್ದ ಪಾರಿವಾಳವನ್ನು ಮಾರಿ ಅತಿಥಿಗೆ ಊಟ ಹಾಕುತ್ತಾನೆ. ಉಂಡಾದ ಮೇಲೆ ನೀಲಾ ಬಂದ ಕಾರಣ ಹೇಳುತ್ತಾಳೆ: ಮಗುವಿಗೆ ಆ ಪಾರಿವಾಳ ಬೇಕಂತೆ. ಜಯಂತಿಯವರು ಆ ಮಾತನ್ನು ಸಹಜವಾಗಿ, ಸಂಕೋಚದಿಂದ ಕೇಳುತ್ತಾರೆ. ಅದರಲ್ಲಿ ಯಾವ ಭಾರವನ್ನೂ ಹೇರುವುದಿಲ್ಲ. ಭಾರವೆಲ್ಲ ಬೀಳುವುದು ಕೇಳಿಸಿಕೊಂಡವನ ಮೇಲೆ. ಇಲ್ಲ ಎಂದು ಜನ್ಮದಲ್ಲಿ ಹೇಳಿ ಅಭ್ಯಾಸವಿಲ್ಲದ ಮನುಷ್ಯನ ಮುಖ ಅದು. ಗುಬ್ಬಿ ಕಂಪನಿಯಲ್ಲಿ ಹುಡುಗನಾಗಿದ್ದಾಗ ಸಣ್ಣಪುಟ್ಟ ಪಾರ್ಟು ಮಾಡುತ್ತಾ ಹಿರಿಯರ ಹಾಡಿಗೆ ಎದುರು ನಿಂತು ಕಲಿತದ್ದು ಆ ಮುಖದಲ್ಲಿ ಕೂಡಿಟ್ಟ ಹಾಗಿದೆ.

2014ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಬಿಡುಗಡೆ ಮಾಡಿದರು. ಅದಕ್ಕೂ ಮೊದಲು 2008ರಲ್ಲಿ ‘ಸತ್ಯ ಹರಿಶ್ಚಂದ್ರ’ಕ್ಕೆ ಹಾಗೆ ಮಾಡಿದ್ದರು. ಹೊಸ ತಲೆಮಾರು ಚಿತ್ರಮಂದಿರಕ್ಕೆ ಬಂತು, ಆ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ನನ್ನ ಆಯ್ಕೆ ಕಪ್ಪುಬಿಳುಪೇ. ಬಣ್ಣ ಬಂದರೆ ಕಣ್ಣು ಸೀರೆಗೆ, ಗೋಡೆಗೆ, ಹೂದಾನಿಗೆ ಹೋಗುತ್ತದೆ. ಬೆಳಕು ನೆರಳಿನಲ್ಲಿ ಅದು ಮುಖಕ್ಕೆ ಹೋಗುತ್ತದೆ.

ಮುಖಗಳು ಉಳಿದಿರುವುದಾದರೂ ಎಷ್ಟು? ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ತೆರೆಗೆ ಬಂತು. ಕೊಲ್ಹಾಪುರದಲ್ಲಿ ಚಿತ್ರೀಕರಣ, ವೈ.ವಿ. ರಾವ್ ನಿರ್ದೇಶನ. ಆರ್. ನಾಗೇಂದ್ರರಾಯರು ರಾವಣ, ಎಂ.ವಿ. ಸುಬ್ಬಯ್ಯ ನಾಯ್ಡು ಇಂದ್ರಜಿತು. ಆ ಚಿತ್ರದ ಒಂದು ಪ್ರತಿಯೂ ಇಂದು ಇಲ್ಲ. ಆ ಇಬ್ಬರು ರಂಗನಟರು ಕ್ಯಾಮೆರಾದ ಮುಂದೆ ಒಬ್ಬರ ಮಾತನ್ನೊಬ್ಬರು ಹೇಗೆ ಕೇಳಿದರು ಎಂಬುದು ನಮಗೆ ಎಂದಿಗೂ ತಿಳಿಯುವುದಿಲ್ಲ. ನಮಗೆ ಉಳಿದಿರುವುದು ಅವರ ಮಕ್ಕಳ ಕೆಲಸ. ನಾಗೇಂದ್ರರಾಯರ ಮಗ ಆರ್.ಎನ್.ಕೆ. ಪ್ರಸಾದ್ ಪುಟ್ಟಣ್ಣನವರ ‘ಬೆಳ್ಳಿಮೋಡ’ಕ್ಕೆ ಕ್ಯಾಮೆರಾ ಹಿಡಿದರು, ಇನ್ನೊಬ್ಬ ಮಗ ಆರ್.ಎನ್. ಜಯಗೋಪಾಲ್ ಗೀತೆಗಳನ್ನು ಬರೆದರು, ಆರ್.ಎನ್. ಸುದರ್ಶನ್ ನಟರಾದರು. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್.

ಲೋಕೇಶ್ ಬಾಲ್ಯದಲ್ಲೇ ತಂದೆಯ ‘ಭಕ್ತ ಪ್ರಹ್ಲಾದ’ದಲ್ಲಿ (1958) ಪ್ರಹ್ಲಾದನಾಗಿದ್ದರು. ದೊಡ್ಡವರಾದ ಮೇಲೆ ‘ಕಾಡು’, ‘ಭೂತಯ್ಯನ ಮಗ ಅಯ್ಯು’, ‘ಪರಸಂಗದ ಗೆಂಡೆತಿಮ್ಮ’. ಗೊರೂರರ ಕಥೆಯಿಂದ ಸಿದ್ದಲಿಂಗಯ್ಯ ಚಿಕ್ಕಮಗಳೂರಿನ ಬಳಿಯ ಕಳಸಾಪುರದಲ್ಲಿ ಚಿತ್ರಿಸಿದ ‘ಭೂತಯ್ಯನ ಮಗ ಅಯ್ಯು’ (1974) ನನ್ನ ಪಾಲಿಗೆ ಕನ್ನಡದ ಅತ್ಯುತ್ತಮ ಗ್ರಾಮಚಿತ್ರ. ಎಂ.ಪಿ. ಶಂಕರ್ ಅವರ ಭೂತಯ್ಯ ಬದುಕಿರುವಷ್ಟು ಹೊತ್ತು ಊರು ನಡುಗುತ್ತದೆ. ಸತ್ತ ಮೇಲೆ ಹೆಣ ಎತ್ತಲು ಯಾರೂ ಬರುವುದಿಲ್ಲ. ಲೋಕೇಶ್ ಆಗ ಮಾತಿಗಾಗಿ ಕಾಯುವ ಮಗ. ಊರು ಬಾಯಿ ತೆರೆಯುವುದಿಲ್ಲ. ಕೇಳಿಸಿಕೊಳ್ಳಲು ಏನೂ ಇಲ್ಲದ ಸ್ಥಿತಿಯನ್ನೂ ಕಿವಿಗೊಟ್ಟು ಅಭಿನಯಿಸಬಹುದು ಎಂಬುದಕ್ಕೆ ಆ ದೃಶ್ಯವನ್ನು ಯಾವ ನಟನಾ ಶಾಲೆಯಲ್ಲಾದರೂ ತೋರಿಸಬಹುದು. ಅದೇ ಚಿತ್ರದಲ್ಲಿ ಲೋಕನಾಥ್ ಒಂದು ಉಪ್ಪಿನಕಾಯಿಯಿಂದ ಜೀವಮಾನದ ಹೆಸರು ಸಂಪಾದಿಸಿದರು. ಇಂದಿಗೂ ನೆನೆದರೆ ಬಾಯಲ್ಲಿ ನೀರೂರುತ್ತದೆ.

ಹಳೆಯ ಚಿತ್ರಗಳನ್ನು ಉಳಿಸುವ ಮಾತಿಗೆ ಮರಳಿದರೆ, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಹೆಮ್ಮೆಯ ಸಂಗತಿ. ‘ಗೆಜ್ಜೆಪೂಜೆ’, ‘ಬೆಳ್ಳಿಮೋಡ’, ‘ಭೂತಯ್ಯನ ಮಗ ಅಯ್ಯು’ ಚಿತ್ರಗಳಿಗೂ ಅದೇ ಭಾಗ್ಯ ಬರಬೇಕು. ಕಲಾತ್ಮಕ ಚಿತ್ರ, ಜನಪ್ರಿಯ ಚಿತ್ರ ಎಂಬ ಪಂಕ್ತಿಭೇದ ದುರಸ್ತಿಯ ವಿಷಯದಲ್ಲಾದರೂ ಬೇಡ.

ಇದಕ್ಕೆ ಹಣ ಬೇಕು, ಕಾಲ ಬೇಕು. ಹಣ ಬೇಡದ ಕೆಲಸವೂ ಒಂದಿದೆ. ಹಳೆಯ ಚಿತ್ರಗಳನ್ನು ವಾಹಿನಿಗಳಲ್ಲಿ ಹಾಕುವವರು, ಯೂಟ್ಯೂಬಿಗೆ ಏರಿಸುವವರು ಎಷ್ಟೋ ಸಲ ಆರಂಭದ ಟೈಟಲ್ ಕಾರ್ಡುಗಳನ್ನು ಕತ್ತರಿಸಿ ನೇರ ಕಥೆಗೆ ಹೋಗುತ್ತಾರೆ. ನಾಯಕ ನಾಯಕಿಯರ ಹೆಸರು ಹೇಗಾದರೂ ಉಳಿಯುತ್ತದೆ. ಜಗಲಿಯ ಮೇಲೆ ಕೂತು ತಲೆಯಾಡಿಸಿದ ಮುದುಕ, ಬಾವಿಕಟ್ಟೆಯಲ್ಲಿ ಸುದ್ದಿ ಕೇಳಿ ಸೆರಗು ಬಾಯಿಗೆ ಹಿಡಿದ ಹೆಂಗಸು, ಪಂಚಾಯ್ತಿಯಲ್ಲಿ ಎರಡನೆಯ ಸಾಲಿನಲ್ಲಿ ನಿಂತವನು, ಇವರ ಹೆಸರು ಇನ್ನೆಲ್ಲೂ ಇಲ್ಲ. ಕೈಬರಹದ ಸುಂದರ ಕನ್ನಡ ಅಕ್ಷರಗಳಲ್ಲಿ, ಹಿನ್ನೆಲೆ ಸಂಗೀತದ ಜೊತೆ, ಎರಡು ಮೂರು ನಿಮಿಷ ಬಂದು ಹೋಗುವ ಆ ಪಟ್ಟಿಯಲ್ಲಿ ಮಾತ್ರ ಇದೆ. ಅದನ್ನು ದಯವಿಟ್ಟು ಕತ್ತರಿಸಬೇಡಿ.